ಮೊದಲ ಗೆರೆಯಲ್ಲೇ ಕನ್ನಡ ಇರಲಿ

ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಮೆಟ್ರೊ ಇಳಿದು ಮೈತ್ರಿವನಂ ಕಡೆಗೆ ನಡೆದರೆ ಕತ್ತೆತ್ತಿದಲ್ಲೆಲ್ಲ ಕೋರ್ಸುಗಳ ಬೋರ್ಡು. ಜಾವಾ, ಪೈಥಾನ್, ಟೆಸ್ಟಿಂಗ್, ಕ್ಲೌಡ್. ಈಚಿನ ವರ್ಷಗಳಲ್ಲಿ ಅದೇ ಸಾಲಿಗೆ ಯುಐ-ಯುಎಕ್ಸ್ ಕೂಡ ಸೇರಿದೆ. ಇಲ್ಲಿಗೆ ಕಲಿಯಲು ಬರುವವರು ತೆಲಂಗಾಣ, ಆಂಧ್ರದವರಷ್ಟೇ ಅಲ್ಲ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಪಿಜಿಯಲ್ಲಿ ಮೂರು ನಾಲ್ಕು ತಿಂಗಳು ಉಳಿದು, ಕೋರ್ಸು ಮುಗಿಸಿ, ಮಾಧಾಪುರ ಅಥವಾ ಗಚ್ಚಿಬೌಲಿಯ ಯಾವುದಾದರೂ ಕಂಪನಿಯಲ್ಲಿ ಕೆಲಸ ಹಿಡಿದರೆ ಬದುಕು ಒಂದು ದಾರಿಗೆ ಬಂತು ಎಂಬ ಲೆಕ್ಕಾಚಾರ. ಆ ಲೆಕ್ಕಾಚಾರದಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಅವರಿಗೆ ಸಿಗುವ ಮೊದಲ ಪಾಠದಲ್ಲಿ.

ಮೊದಲ ಪಾಠವೆಂದರೆ ವೈರ್‌ಫ್ರೇಮ್. ಮನೆ ಕಟ್ಟುವ ಮೊದಲು ಮೇಸ್ತ್ರಿ ನೆಲದ ಮೇಲೆ ಸುಣ್ಣದ ಗೆರೆ ಹಾಕುತ್ತಾನಲ್ಲ, ಇದೂ ಹಾಗೆಯೇ. ಆ್ಯಪಿನ ಒಂದೊಂದು ಪರದೆಯಲ್ಲಿ ಯಾವುದು ಎಲ್ಲಿರಬೇಕು ಎಂದು ಬರೀ ಗೆರೆ, ಚೌಕಗಳಲ್ಲಿ ತೋರಿಸುವುದು ವೈರ್‌ಫ್ರೇಮ್. ಆ ಪರದೆಗಳನ್ನು ಒಂದಕ್ಕೊಂದು ಜೋಡಿಸಿ, ಬಟನ್ ಒತ್ತಿದರೆ ಮುಂದಿನ ಪರದೆ ಬರುವಂತೆ ಮಾಡಿದರೆ ಅದು ಪ್ರೋಟೋಟೈಪ್. ಒಂದು ಸಾಲು ಕೋಡ್ ಇಲ್ಲದೆಯೂ ಅದು ನಿಜವಾದ ಆ್ಯಪಿನಂತೆ ನಡೆದುಕೊಳ್ಳುತ್ತದೆ. 2008ರಲ್ಲಿ ಬಂದ ಬಾಲ್ಸಾಮಿಕ್, 2016ರಲ್ಲಿ ಎಲ್ಲರಿಗೂ ತೆರೆದುಕೊಂಡ ಫಿಗ್ಮಾ, ಮುಕ್ತ ಆಕರದ ಪೆನ್‌ಪಾಟ್ ಎಲ್ಲವೂ ಈ ಕೆಲಸಕ್ಕಾಗಿಯೇ ಇರುವ ಸಲಕರಣೆಗಳು. ಮೂಲಭೂತ ಕೆಲಸ ಕಲಿಯಲು ಒಂದು ಮಧ್ಯಾಹ್ನ ಸಾಕು.

ಆದರೆ ಆ ಮಧ್ಯಾಹ್ನ ಕಲಿಯುವವರು ಚೌಕದೊಳಗೆ ಏನು ತುಂಬುತ್ತಾರೆ? ಲೋರೆಮ್ ಇಪ್ಸಮ್. ಕ್ರಿಸ್ತಪೂರ್ವ 45ರಲ್ಲಿ ಸಿಸೆರೋ ಬರೆದ ಲ್ಯಾಟಿನ್ ಗ್ರಂಥವೊಂದರ ಮಾತುಗಳನ್ನು ಕತ್ತರಿಸಿ ಕಲಸಿ ಮಾಡಿದ ಅರ್ಥವಿಲ್ಲದ ಪಠ್ಯ ಅದು. ಅದಿಲ್ಲದಿದ್ದರೆ ಇಂಗ್ಲಿಷ್. 'ವಿನ್ಯಾಸ ಮೊದಲು, ಭಾಷೆ ಆಮೇಲೆ' ಎಂಬ ನಂಬಿಕೆ ಅಲ್ಲಿಂದಲೇ ಬೇರೂರುತ್ತದೆ. ಈ ನಂಬಿಕೆಯೇ ತಪ್ಪು. ಕನ್ನಡದ ಆ್ಯಪುಗಳಲ್ಲಿ ಓದುಗರು ದಿನವೂ ಕಾಣುವ ವಿಕಾರಗಳಿಗೆ ಅನುವಾದಕರ ಅಜ್ಞಾನಕ್ಕಿಂತ ಹೆಚ್ಚಿನ ಕಾರಣ ಇದು.

ಒಂದು ಬಸ್ ಟಿಕೆಟ್ ಆ್ಯಪನ್ನೇ ಊಹಿಸಿಕೊಳ್ಳಬಹುದು. ಹೈದರಾಬಾದಿನ ಎಂಜಿಬಿಎಸ್ ನಿಲ್ದಾಣದಿಂದ ಕಲಬುರಗಿ, ಬೀದರ್, ರಾಯಚೂರಿಗೆ ಹೋಗುವವರು ಬಳಸುವಂಥದ್ದು. ಇಂಗ್ಲಿಷಿನಲ್ಲಿ ಚಿತ್ರ ಬರೆಯುವವರು 'ಫ್ರಮ್' ಎಂದು ಬರೆದು ಪಕ್ಕದಲ್ಲಿ ಒಂದು ಚೌಕ, 'ಟು' ಎಂದು ಬರೆದು ಇನ್ನೊಂದು ಚೌಕ ಇಡುತ್ತಾರೆ. ಇಂಗ್ಲಿಷಿಗೆ ಅದು ಸರಿ, ಏಕೆಂದರೆ ಅಲ್ಲಿ ಸಂಬಂಧ ಸೂಚಿಸುವ ಪದ ಊರಿನ ಹೆಸರಿಗೆ ಮೊದಲೇ ಬಂದು ಬೇರೆಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿನ ಬಾಲಕ್ಕೆ ಅಂಟಿಕೊಳ್ಳುತ್ತದೆ, ಅಂಟುವಾಗ ಹೆಸರಿಗೆ ತಕ್ಕಂತೆ ರೂಪವೂ ಬದಲಾಗುತ್ತದೆ. ಕಲಬುರಗಿಯಿಂದ, ರಾಯಚೂರಿನಿಂದ, ವಿಜಯಪುರದಿಂದ. ಕಲಬುರಗಿಗೆ, ರಾಯಚೂರಿಗೆ, ವಿಜಯಪುರಕ್ಕೆ. ಚಿತ್ರ ಮುಗಿದು, ಕೋಡ್ ಬರೆದಾದ ಮೇಲೆ 'ಫ್ರಮ್' ಎಂಬ ಒಂಟಿ ಪದ ಅನುವಾದಕರ ಸ್ಪ್ರೆಡ್‌ಶೀಟಿಗೆ ಬಂದರೆ ಅವರು ಏನು ಬರೆದಾರು? 'ಇಂದ' ಎನ್ನಬೇಕು, ಇಲ್ಲವೇ 'ದಿಂದ' ಎನ್ನಬೇಕು. ಕೊನೆಗೆ ಪರದೆಯ ಮೇಲೆ ಕಾಣುವುದು 'ಇಂದ ಕಲಬುರಗಿ ಗೆ ಬೀದರ್'. ಓದಿದವರು ಅನುವಾದಕರನ್ನು ಬೈಯುತ್ತಾರೆ.

ಮೊದಲ ದಿನವೇ ಕನ್ನಡದಲ್ಲಿ ಗೆರೆ ಹಾಕಿದ್ದರೆ ಈ ಸಮಸ್ಯೆ ಹುಟ್ಟುತ್ತಲೇ ಇರಲಿಲ್ಲ. 'ಹೊರಡುವ ಊರು', 'ತಲುಪುವ ಊರು' ಎಂದು ಚೌಕದ ಮೇಲೆ ಬರೆದಿದ್ದರೆ ಪ್ರತ್ಯಯದ ಗೋಜೇ ಇಲ್ಲ. ಇಂಥದ್ದು ಚೌಕ ಎಲ್ಲಿರಬೇಕು, ಹೆಸರು ಎಲ್ಲಿರಬೇಕು ಎಂಬ ನಿರ್ಧಾರ, ಅಂದರೆ ವಿನ್ಯಾಸದ ನಿರ್ಧಾರ. ಅದನ್ನು ಅನುವಾದಕರ ಕೈಗೆ ಕೊಡದೆ, ಅದರ ಫಲವನ್ನು ಮಾತ್ರ ಅವರ ತಲೆಗೆ ಕಟ್ಟುವುದು ಅನ್ಯಾಯ.

ಹೈದರಾಬಾದಿನ ಕಚೇರಿಗಳಲ್ಲಿ ಇದಕ್ಕೊಂದು ವಿಶೇಷ ತಿರುವೂ ಇದೆ. ಅಲ್ಲಿ ತೆಲುಗು ಬಲ್ಲವರು ಧಾರಾಳವಾಗಿ ಇರುತ್ತಾರೆ. ತೆಲುಗಿನ ಪರದೆಯನ್ನು ನೋಡಿ, ಸರಿಯಾಗಿದೆ ಎನಿಸಿದರೆ, ಕನ್ನಡವೂ ಹಾಗೆಯೇ ಇರಬೇಕು ಎಂದುಕೊಳ್ಳುವುದು ಸುಲಭ. ಎರಡೂ ದ್ರಾವಿಡ ಭಾಷೆ, ಲಿಪಿಗಳೂ ಅಕ್ಕತಂಗಿಯರಂತಿವೆ. ಆದರೆ ತೆಲುಗಿನ 'ನುಂಡಿ' ಊರಿನ ಹೆಸರಿನಿಂದ ದೂರ ನಿಂತರೂ ಕಣ್ಣಿಗೆ ಚುಚ್ಚುವುದಿಲ್ಲ. 'ಹೈದರಾಬಾದ್ ನುಂಡಿ' ಎಂಬುದು ಶುದ್ಧ ತೆಲುಗು. 'ಹೈದರಾಬಾದ್ ಇಂದ' ಎಂಬುದು ಕನ್ನಡದ ಕಿವಿಗೆ ಹೊಂದುವುದಿಲ್ಲ. ಪಕ್ಕದ ಮನೆಯ ಅಳತೆಗೆ ಹೊಲಿದ ಅಂಗಿ ಇದು.

ಇನ್ನು ಅಕ್ಷರದ ವಿಷಯ. ರೋಮನ್ ಅಕ್ಷರಗಳ ಬಹುಪಾಲು ಒಂದೇ ಸಾಲಿನಲ್ಲಿ ಕೂರುತ್ತವೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿನ ಅಳತೆಗೆ ಸಾಲಿನ ಎತ್ತರವನ್ನು ಬಿಗಿ ಮಾಡಿ, ಅದರಾಚೆ ಹೋದದ್ದನ್ನೆಲ್ಲ ಮುಚ್ಚುವಂತೆ ಚೌಕ ಕಟ್ಟಿದರೆ ಮೊದಲು ಹೋಗುವುದು ಒತ್ತು. ಒತ್ತು ಹೋದರೆ ಕತ್ತೆ ಕತೆಯಾಗುತ್ತದೆ, ಹಳ್ಳಿ ಹಳಿಯಾಗುತ್ತದೆ. ನಗು ಬರುವ ಉದಾಹರಣೆಗಳಿವು. ಔಷಧಿಯ ಆ್ಯಪಿನಲ್ಲಿ, ಬ್ಯಾಂಕಿನ ಆ್ಯಪಿನಲ್ಲಿ ಹೀಗಾದರೆ ನಗು ಬರುವುದಿಲ್ಲ.

ಅಗಲದ ತೊಂದರೆಯೂ ಅಷ್ಟೇ ದೊಡ್ಡದು. ಹತ್ತು ಅಕ್ಷರದೊಳಗಿನ ಇಂಗ್ಲಿಷ್ ಪದ ಬೇರೆ ಭಾಷೆಗೆ ಹೋದಾಗ ಎರಡು ಮೂರು ಪಟ್ಟು ಬೆಳೆಯಬಹುದು ಎಂಬ ಐಬಿಎಂನ ಲೆಕ್ಕವನ್ನು ಡಬ್ಲ್ಯುತ್ರೀಸಿ ತನ್ನ ಬರಹದಲ್ಲಿ ಬಹಳ ಹಿಂದೆಯೇ ಉಲ್ಲೇಖಿಸಿದೆ. ಅದು ಯುರೋಪಿನ ಭಾಷೆಗಳನ್ನು ಮನಸ್ಸಿನಲ್ಲಿಟ್ಟು ಹೇಳಿದ್ದು. ಇಂಗ್ಲಿಷಿನ 'ಬುಕ್' ನಾಲ್ಕು ಅಕ್ಷರ. 'ಕಾಯ್ದಿರಿಸಿ' ಆ ಗುಂಡಿಯಲ್ಲಿ ಹಿಡಿಸುವುದಿಲ್ಲ. ಹಿಡಿಸದಿದ್ದಾಗ ಸಾಫ್ಟ್‌ವೇರ್ ಪದವನ್ನು ಕತ್ತರಿಸಿ ಮೂರು ಚುಕ್ಕಿ ಇಡುತ್ತದೆ. ಕತ್ತರಿಸುವಾಗ ಅದು ಅಕ್ಷರವನ್ನು ನೋಡದೆ ಯೂನಿಕೋಡ್ ಸಂಕೇತಗಳನ್ನು ಮಾತ್ರ ಎಣಿಸಿದರೆ ಇನ್ನೂ ಕಷ್ಟ. 'ನಿಲ್ದಾಣ' ಓದುವವರಿಗೆ ಮೂರಕ್ಷರ, ಯಂತ್ರಕ್ಕೆ ಏಳು ಸಂಕೇತ. ನಾಲ್ಕಕ್ಕೆ ಕತ್ತರಿ ಹಾಕಿದರೆ ಉಳಿಯುವುದು 'ನಿಲ್'.

ಇಷ್ಟು ಹೇಳಿದಾಗ ಕಚೇರಿಗಳಿಂದ ಬರುವ ಉತ್ತರಗಳು ಗೊತ್ತಿರುವಂಥವೇ.

'ಮೊದಲೇ ಕನ್ನಡ ಹಾಕಿದರೆ ಕೆಲಸ ಎರಡು ಪಟ್ಟಾಗುತ್ತದೆ' ಎನ್ನುವುದು ಒಂದು. ಎಲ್ಲ ಪರದೆಗಳನ್ನೂ ಎಲ್ಲ ಭಾಷೆಗಳಲ್ಲೂ ಬರೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಅತಿ ಹೆಚ್ಚು ಬಳಕೆಯಾಗುವ ಐದಾರು ಪರದೆ ಸಾಕು. ಚಿತ್ರದ ಹಂತದಲ್ಲಿ ಚೌಕವನ್ನು ಇಲಿಯಿಂದ ಎಳೆದರೆ ದೊಡ್ಡದಾಗುತ್ತದೆ. ಅದೇ ಬದಲಾವಣೆ ಕೋಡ್ ಬರೆದಾದ ಮೇಲೆ ಆಗಬೇಕಾದರೆ ಡೆವಲಪರ್ ಬೇಕು, ಟೆಸ್ಟರ್ ಬೇಕು, ಹೊಸ ಆವೃತ್ತಿ ಬೇಕು. ಅಷ್ಟೆಲ್ಲ ಯಾರು ಮಾಡುತ್ತಾರೆ? ಮಾಡುವುದಿಲ್ಲ. 'ಮುಂದಿನ ಸಲ ನೋಡೋಣ' ಎನ್ನುತ್ತಾರೆ. ಆ ಮುಂದಿನ ಸಲ ಬರುವುದಿಲ್ಲ.

'ಮಾತು ಇನ್ನೂ ಅಂತಿಮವಾಗಿಲ್ಲ' ಎನ್ನುವುದು ಎರಡನೆಯದು. ಅಂತಿಮವಾಗದಿರುವುದನ್ನು ತಿದ್ದುವುದಕ್ಕೇ ಅಲ್ಲವೇ ಪ್ರೋಟೋಟೈಪ್ ಇರುವುದು? ಬಣ್ಣ ಅಂತಿಮವಾಗಿಲ್ಲ, ಜಾಗ ಅಂತಿಮವಾಗಿಲ್ಲ, ಆದರೂ ಅವನ್ನು ಹಾಕಿ ನೋಡುತ್ತಾರೆ. ಮಾತಿಗೆ ಮಾತ್ರ ಬೇರೆ ನ್ಯಾಯ ಏಕೆ?

'ಯಂತ್ರಾನುವಾದ ಇದೆಯಲ್ಲ' ಎನ್ನುವುದು ಮೂರನೆಯದು, ಈಗ ಎಲ್ಲಕ್ಕಿಂತ ಜೋರಾಗಿ ಕೇಳುವುದು. ಭಾರತೀಯ ಭಾಷೆಗಳ ಯಂತ್ರಾನುವಾದದಲ್ಲಿ ದಶಕಗಳ ಕೆಲಸ ಮಾಡಿರುವ ಐಐಐಟಿ ಇದೇ ಗಚ್ಚಿಬೌಲಿಯಲ್ಲಿದೆ. ಯಂತ್ರಾನುವಾದ ಬಹಳ ಮುಂದೆ ಬಂದಿದೆ ಎಂಬುದೂ ನಿಜ. ಆದರೆ ಸಂದರ್ಭವಿಲ್ಲದ ಒಂಟಿ ಪದದ ಮುಂದೆ ಯಂತ್ರ ಮತ್ತು ಮನುಷ್ಯ ಇಬ್ಬರೂ ಕುರುಡರೇ. 'ಬುಕ್' ಎಂದರೆ ಪುಸ್ತಕವೋ ಕಾಯ್ದಿರಿಸುವುದೋ, 'ಓಪನ್' ಎಂದರೆ ತೆರೆಯಿರಿ ಎಂಬ ಆದೇಶವೋ ತೆರೆದಿದೆ ಎಂಬ ಸುದ್ದಿಯೋ, ಪರದೆ ನೋಡದೆ ಹೇಳಲಾಗದು. ಒಂದು ವೇಳೆ ಯಂತ್ರ ಸರಿಯಾದ ಪದವನ್ನೇ ಕೊಟ್ಟರೂ, ಅದು ಹಿಡಿಸದ ಚೌಕವನ್ನು ಅಗಲ ಮಾಡಿಕೊಡುವುದಿಲ್ಲ.

ನಾಲ್ಕನೆಯ ಉತ್ತರವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ: 'ಕನ್ನಡದ ಆವೃತ್ತಿಯನ್ನು ಯಾರೂ ಬಳಸುವುದಿಲ್ಲ.' ಒತ್ತು ಕಳೆದುಕೊಂಡ, ವಿಭಕ್ತಿ ತಪ್ಪಿದ ಪರದೆಯನ್ನು ಕಂಡವರು ಇಂಗ್ಲಿಷಿಗೆ ಮರಳುತ್ತಾರೆ. ಅವರು ಮರಳಿದ್ದನ್ನು ಎಣಿಸಿ, ಕನ್ನಡಕ್ಕೆ ಬೇಡಿಕೆಯಿಲ್ಲ ಎಂದು ವರದಿ ಬರೆಯುತ್ತಾರೆ. ಉಪ್ಪಿಲ್ಲದ ಸಾರು ಬಡಿಸಿ, ಉಣ್ಣುವವರಿಗೆ ಹಸಿವಿಲ್ಲ ಎಂದಂತೆ. ಇಂಗ್ಲಿಷಿಗೆ ಮರಳಲಾಗದವರು ಮಗನನ್ನೋ ಸೊಸೆಯನ್ನೋ ಕರೆದು ಫೋನ್ ಕೊಡುತ್ತಾರೆ. ತಮ್ಮ ಪಿಂಚಣಿ, ತಮ್ಮ ಪಹಣಿ, ತಮ್ಮ ಖಾತೆಯ ಹಣಕ್ಕೆ ಇನ್ನೊಬ್ಬರ ಕಣ್ಣನ್ನು ಎರವಲು ಪಡೆಯುತ್ತಾರೆ. ಇಲ್ಲಿ ಪಣಕ್ಕಿರುವುದು ಇದು.

ಈ ಅವಲಂಬನೆ ಈ ಭಾಗಕ್ಕೆ ಹೊಸದಲ್ಲ. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು. ಕನ್ನಡ ಮಾತಾಡುವ ರೈತ ತನ್ನ ಹೊಲದ ಕಾಗದ ಓದಿಸಿಕೊಳ್ಳಲು ಉರ್ದು ಬಲ್ಲವರ ಬಳಿ ಹೋಗಬೇಕಿತ್ತು. ನಮೂನೆ ಬೇರೆಯವರದು, ಅದರಲ್ಲಿ ತುಂಬುವ ಬದುಕು ಮಾತ್ರ ತನ್ನದು. ಇಂದಿನ ಪರದೆಯೂ ಒಂದು ನಮೂನೆಯೇ.

ಅದೇ ಹೈದರಾಬಾದಿನ ಚರಿತ್ರೆಯಲ್ಲಿ ಇದಕ್ಕೆ ತಿರುಗುಬಾಣವೂ ಇದೆ. ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಉರ್ದು ಮಾಧ್ಯಮದಲ್ಲಿ ಕಟ್ಟಲು ಹೊರಟಾಗ, ತರಗತಿಗಳು ಶುರುವಾಗುವ ಮೊದಲೇ, 1917ರಲ್ಲಿ, ದಾರುಲ್ ತರ್ಜುಮಾ ಎಂಬ ಅನುವಾದ ಕಚೇರಿಯನ್ನು ತೆರೆಯಲಾಯಿತು. ಪಾಠ ಮಾಡುವುದಕ್ಕೆ ಪುಸ್ತಕ ಬೇಕು, ಪುಸ್ತಕಕ್ಕೆ ಪದ ಬೇಕು, ಪದಕ್ಕೆ ಅನುವಾದಕರು ಬೇಕು ಎಂಬ ಸರಳ ತಿಳಿವಳಿಕೆ ಅದು. ಆ ವ್ಯವಸ್ಥೆಯಲ್ಲಿ ಕನ್ನಡಕ್ಕೆ, ತೆಲುಗಿಗೆ, ಮರಾಠಿಗೆ ಜಾಗವಿರಲಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೂ ಒಂದು ಭಾಷೆಯಲ್ಲಿ ಏನನ್ನಾದರೂ ಕಟ್ಟಬೇಕಾದರೆ ಆ ಭಾಷೆಯವರನ್ನು ಮೊದಲು ಕೂರಿಸಬೇಕು ಎಂಬುದು ಅವರಿಗೆ ಗೊತ್ತಿತ್ತು. ನೂರು ವರ್ಷದ ಮೇಲೆ ಅದೇ ಊರಿನ ಗಾಜಿನ ಕಟ್ಟಡಗಳಲ್ಲಿ ಅನುವಾದಕರು ಕೊನೆಗೆ ಬರುತ್ತಾರೆ, ಅದೂ ಇಮೇಲಿಗೆ ಅಂಟಿಸಿದ ಸ್ಪ್ರೆಡ್‌ಶೀಟಿನ ಮೂಲಕ.

ಹಾಗೆಂದು ಅನುವಾದಕರು ಕೈತೊಳೆದುಕೊಳ್ಳುವಂತಿಲ್ಲ. ಪದಕ್ಕಿಷ್ಟು ಎಂದು ದುಡ್ಡು ಎಣಿಸಿಕೊಂಡು, ಸಂದರ್ಭ ಕೇಳದೆ ಸಾಲು ತುಂಬಿ ಕಳಿಸುವ ಅಭ್ಯಾಸ ಅವರದ್ದೂ ಇದೆ. 'ಅರ್ಜಿ' ಎಂದು ಎಲ್ಲರೂ ಹೇಳುವಲ್ಲಿ 'ಆವೇದನಾ ಪತ್ರ' ಎಂದು ಬರೆದು ಗುಂಡಿಯನ್ನು ಇನ್ನಷ್ಟು ಉಬ್ಬಿಸುವುದೂ ಇದೆ. ಫಿಗ್ಮಾ ಎಂದರೆ ಡಿಸೈನರುಗಳ ಸೊತ್ತು ಎಂದು ದೂರ ನಿಲ್ಲುವುದನ್ನು ಅವರು ಬಿಡಬೇಕು. ಕಡತವನ್ನು ತೆರೆದು, ಪರದೆಯ ಮೇಲೆಯೇ ಟಿಪ್ಪಣಿ ಬರೆಯಲು ಯಾವ ಪದವಿಯೂ ಬೇಡ.

ಶುರು ಮಾಡುವ ಬಗೆಯೂ ಕಷ್ಟದ್ದಲ್ಲ. ಮೊದಲ ಹೆಜ್ಜೆ ಕಾಗದ, ಪೆನ್ಸಿಲ್. ಬಾಲ್ಸಾಮಿಕ್ ತನ್ನ ಕೈಬರಹದ ಚಹರೆಗಾಗಿ ಮಾಡಿಕೊಂಡ ಬಾಲ್ಸಾಮಿಕ್ ಸಾನ್ಸ್ ಅಕ್ಷರಶೈಲಿಯಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. ಪೆನ್ಸಿಲಿಗೆ ಆ ಮಿತಿ ಇಲ್ಲ. ಆಮೇಲೆ ಫಿಗ್ಮಾ ಅಥವಾ ಪೆನ್‌ಪಾಟ್ ತೆರೆದು ಫೋನಿನ ಅಳತೆಯ ಒಂದು ಚೌಕಟ್ಟು. ಅಕ್ಷರಕ್ಕೆ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಇವೆ, ಮೂರೂ ಉಚಿತ. ಗುಂಡಿಗೆ ಇಷ್ಟೇ ಅಗಲ ಎಂದು ನಿಗದಿ ಮಾಡದೆ, ಫಿಗ್ಮಾದಲ್ಲಿ 2019ರಿಂದ ಇರುವ ಆಟೋ ಲೇಔಟ್ ಬಳಸಿದರೆ ಪದ ಬೆಳೆದಂತೆ ಗುಂಡಿಯೂ ಬೆಳೆಯುತ್ತದೆ. ಚೌಕಗಳಲ್ಲಿ ಸುಲಭದ ಪದ ಬೇಡ, ಅತಿ ಉದ್ದದ ಊರಿನ ಹೆಸರನ್ನೂ ಅತಿ ತೊಡಕಿನ ಒತ್ತಕ್ಷರವನ್ನೂ ಹಾಕಿ ನೋಡಬೇಕು. 'ರಾಷ್ಟ್ರೀಯ' ಕೂರುವ ಚೌಕದಲ್ಲಿ ಬಹುಮಟ್ಟಿಗೆ ಎಲ್ಲವೂ ಕೂರುತ್ತದೆ. ಪ್ರೋಟೋಟೈಪ್ ವಿಭಾಗಕ್ಕೆ ಹೋಗಿ, ಗುಂಡಿಯಿಂದ ಮುಂದಿನ ಪರದೆಗೆ ಬಾಣ ಎಳೆದರೆ ಆಯಿತು.

ಕೊನೆಯದಾಗಿ, ಆ ಫೋನನ್ನು ಐದು ಜನರ ಕೈಗೆ ಕೊಡಬೇಕು. ಬಳಕೆದಾರರ ಐದು ಜನರ ಸಣ್ಣ ಪರೀಕ್ಷೆಯೇ ಬಹುಪಾಲು ದೋಷಗಳನ್ನು ತೋರಿಸುತ್ತದೆ ಎಂದು ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದ್ದರು. ಆ ಐವರೂ ಪಕ್ಕದ ಮೇಜಿನ ಸಹೋದ್ಯೋಗಿಗಳಾದರೆ ಪ್ರಯೋಜನವಿಲ್ಲ. ಕಾಚಿಗೂಡದಲ್ಲಿ ರೈಲಿಗೆ ಕಾಯುವ ರಾಯಚೂರಿನವರು, ಎಂಜಿಬಿಎಸ್‌ನಲ್ಲಿ ಬೀದರ್ ಬಸ್ಸಿಗೆ ನಿಂತವರು ಇದ್ದಾರೆ. 'ಅಮ್ಮಾ, ಇದರಲ್ಲಿ ನಾಳೆ ಬೆಳಗಿನ ಬಸ್ಸಿಗೆ ಒಂದು ಸೀಟು ಹಿಡೀರಿ' ಎಂದು ಫೋನ್ ಕೊಟ್ಟು ಸುಮ್ಮನೆ ನೋಡಬೇಕು. ಅವರ ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ಚಿತ್ರ ತಪ್ಪಿದೆ.

ಅಮೀರ್‌ಪೇಟೆಯಲ್ಲಿ ಪಾಠ ಹೇಳುವವರು ಇಷ್ಟು ಮಾಡಲಿ. ಮೊದಲ ಅಭ್ಯಾಸಕ್ಕೆ ಲೋರೆಮ್ ಇಪ್ಸಮ್ ಕೊಡುವುದನ್ನು ನಿಲ್ಲಿಸಿ, ಪ್ರತಿ ವಿದ್ಯಾರ್ಥಿಯೂ ತನ್ನ ತಾಯಿ ಮಾತಾಡುವ ಭಾಷೆಯಲ್ಲಿ ಮೊದಲ ಪರದೆ ಬರೆಯಲಿ ಎನ್ನಲಿ. ಕಂಪನಿಗಳು ಕನ್ನಡದ ಆವೃತ್ತಿ ತರುವುದಾದರೆ ವೈರ್‌ಫ್ರೇಮ್ ಒಪ್ಪಿಗೆಯ ಸಭೆಗೇ ಅನುವಾದಕರನ್ನು ಕರೆಯಲಿ, ಆ ಗಂಟೆಗಳಿಗೂ ದುಡ್ಡು ಕೊಡಲಿ. ರಾಜ್ಯ ಸರ್ಕಾರದ ಇಲಾಖೆಗಳು ಆ್ಯಪು ಮಾಡಿಸಲು ಟೆಂಡರ್ ಕರೆಯುವಾಗ, ಕನ್ನಡದಲ್ಲಿ ನಡೆಯುವ ಪ್ರೋಟೋಟೈಪ್ ತೋರಿಸಿದ ಮೇಲೆಯೇ ಮೊದಲ ಕಂತು ಎಂದು ಷರತ್ತು ಹಾಕಲಿ. ರಾಯಚೂರಿನಿಂದ ಬಂದ ಹುಡುಗಿ ತನ್ನ ಮೊದಲ ಚೌಕದಲ್ಲಿ 'ಹೊರಡುವ ಊರು' ಎಂದು ಬರೆಯಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.