ನೋಡಿದ್ದು ಗ್ರೂಪಿನಲ್ಲೇ ಉಳಿದರೆ ಕಾವಲು ಉಳಿಯುವುದಿಲ್ಲ

ಕೃತ್ತಿಕಾ ಮಳೆ ನಾಲ್ಕು ಹನಿ ಹಾಕಿದರೆ ಸಾಕು, ಬಯಲುಸೀಮೆಯ ವಾಟ್ಸಾಪ್ ಗ್ರೂಪುಗಳು ತುಂಬಿ ಹರಿಯುತ್ತವೆ. ಹೊಲದ ಬದುವಿನಲ್ಲಿ ನಕ್ಷತ್ರ ಆಮೆ. ಕಲ್ಲುನೆಲದಲ್ಲಿ ಟಿಟ್ಟಿಭದ ಮೊಟ್ಟೆ. ಕುರಿಹಿಂಡಿನ ಬೆನ್ನಿಗೇ ಬಂದ ತೋಳ. ರೋಹಿಣಿ ಹೊತ್ತಿಗೆ ಜುಟ್ಟಿನ ಚಾತಕ. ಇದನ್ನೆಲ್ಲ ನೋಡಿದವರು ಕುರಿ ಕಾಯುವವರು, ಹೊಲ ಹರಗುವವರು, ರಜೆಗೆ ಊರಿಗೆ ಬಂದ ಕಾಲೇಜು ಹುಡುಗ ಹುಡುಗಿಯರು. ಒಂದಷ್ಟು ಹೆಬ್ಬೆಟ್ಟಿನ ಗುರುತು ಬೀಳುತ್ತವೆ. ಮರುದಿನದ ಶುಭೋದಯದ ಚಿತ್ರಗಳ ಕೆಳಗೆ ಎಲ್ಲವೂ ಹೂತುಹೋಗುತ್ತದೆ.

ಇಷ್ಟಕ್ಕೇ ಸುಮ್ಮನಾಗುವುದು ತಪ್ಪು ಎನ್ನುತ್ತೇವೆ ನಾವು. ಏಕೆಂದರೆ ನೀವು ಪ್ರಾಣಿ ಕಂಡ ಅದೇ ನೆಲ ಕಾಗದದಲ್ಲಿ ಖಾಲಿ ಇದೆ. ನಮ್ಮ ಹುಲ್ಲುಗಾವಲು, ಕುರುಚಲು, ಕಾವಲುಗಳನ್ನು ಸರ್ಕಾರದ ಲೆಕ್ಕ ಬೀಳು, ಖರಾಬು, ಬಂಜರು ಎಂದು ಕರೆಯುತ್ತದೆ. ದೇಶದ ಬಂಜರು ಭೂಮಿ ನಕ್ಷೆಯಲ್ಲಿ ಕುರುಚಲು ನೆಲಕ್ಕೂ ಜಾಗವಿದೆ. ಬಂಜರು ಎಂದ ಮೇಲೆ ಯಾರಿಗೆ ಬೇಕಾದರೂ ಕೊಡಬಹುದಲ್ಲ!

ಚಳ್ಳಕೆರೆ ತಾಲ್ಲೂಕನ್ನು ನೋಡಿ. ಅಲ್ಲಿನ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋಯಿತು. ಬೇಲಿ, ಗೋಡೆ ಎದ್ದಾಗಲೇ ನಮಗೆ ಗೊತ್ತಾಗಿದ್ದು ಎಂದು ಸುತ್ತಲಿನ ಕುರಿಗಾಹಿಗಳು ಹೇಳುತ್ತಲೇ ಬಂದಿದ್ದಾರೆ. ಇನ್ನು ಸೋಲಾರ್ ಫಲಕ, ಗಾಳಿಯಂತ್ರದ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯ ಅನುಮತಿಯೇ ಬೇಕಿಲ್ಲ. ಅಂದರೆ ಅಲ್ಲಿ ಯಾವ ಪ್ರಾಣಿ ಇದೆ ಎಂದು ಎಣಿಸಲು ಆ ಕಾನೂನಿನಡಿ ಯಾರೂ ಬರುವುದಿಲ್ಲ. ಎಣಿಸುವವರು ಇದ್ದರೆ ನೀವೇ.

ಎಣಿಸಿದ್ದನ್ನು ಬರೆಯುವ ಪುಸ್ತಕವೂ ನಿಮ್ಮ ಊರಲ್ಲೇ ಇರಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರವರನ್ನು ಕೇಳಿ ಆ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. 2020ರ ಜನವರಿಯೊಳಗೆ ಮುಗಿಸದಿದ್ದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಪೀಠ ಹೇಳಿದ ಮೇಲೆ ಕೆಲಸ ಓಡಿತು. ದಂಡದ ಭಯಕ್ಕೆ ತುಂಬಿದ ಪುಸ್ತಕದಲ್ಲಿ ನಿಮ್ಮೂರ ತೋಳ ಇದೆಯೇ? ಟಿಟ್ಟಿಭ ಇದೆಯೇ? ಅದನ್ನು ಕಣ್ಣಾರೆ ಕಂಡವರು ನಿಮ್ಮಲ್ಲಿ ಎಷ್ಟು ಮಂದಿ?

ಬರೆಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಎರೆಭೂತ ಸಾಕ್ಷಿ. ಎರೆನೆಲದ ಆ ದೊಡ್ಡ ಹಕ್ಕಿ ಈಗ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ಹೆಸರು ಬಾಯಲ್ಲಿ ಉಳಿಯಿತು. ಯಾವ ಊರ ಹೊಲದಲ್ಲಿ ಎಷ್ಟಿದ್ದವು ಎಂಬ ಲೆಕ್ಕ ಅಜ್ಜಂದಿರ ಜೊತೆ ಹೋಯಿತು.

"ತೋಳ ಇದೆ ಅಂತ ಬರೆಸಿದರೆ ಅರಣ್ಯ ಇಲಾಖೆಯವರು ಬಂದು ಕುರಿ ಮೇಯಿಸಬೇಡಿ ಅಂತಾರೆ" ಎನ್ನುವವರಿದ್ದಾರೆ. ಈ ಭಯ ಸುಳ್ಳಲ್ಲ, ಅದನ್ನು ಹಗುರ ಮಾಡಬೇಡಿ. ಆದರೆ ದಾಖಲಾತಿಯಲ್ಲಿ ಬರೆದ ಮಾತ್ರಕ್ಕೆ ಭೂಮಿಯ ಒಡೆತನ ಬದಲಾಗದು, ಮೇಯಿಸುವ ಹಕ್ಕೂ ಹೋಗದು. ತೋಳ ಹಿಡಿದ ಕುರಿಯನ್ನೂ ಅದರಲ್ಲೇ ಬರೆಸಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆ 2017ರಲ್ಲಿ ಪಕ್ಷಿಗಳ ಮೀಸಲಾಯಿತು, 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಇಂಥ ಮೀಸಲು ಪ್ರದೇಶಗಳ ಸಮಿತಿಯಲ್ಲಿ ಪಂಚಾಯಿತಿ ಪ್ರತಿನಿಧಿಗೆ ಕಾನೂನೇ ಕುರ್ಚಿ ಹಾಕಿದೆ. ಗೋಡೆ ಕಟ್ಟಿದವರು ಎಂದಾದರೂ ಕುರ್ಚಿ ಹಾಕಿ ಕರೆದಿದ್ದಾರೆಯೇ?

ದಾಖಲಾತಿಯೊಂದೇ ಯೋಜನೆಯನ್ನು ತಡೆದುಬಿಡುತ್ತದೆ ಎಂದು ನಾವು ಹೇಳುತ್ತಿಲ್ಲ. ಆದರೆ "ಇಲ್ಲಿ ಏನೂ ಇಲ್ಲ" ಎಂದು ಬಂದವರ ಮುಂದೆ ಐದು ವರ್ಷದ ತಾರೀಖುಗಳಿರುವ ಪುಸ್ತಕ ಇಡುವುದಕ್ಕೂ, ಬರೀ ಬಾಯಲ್ಲಿ ಕೂಗುವುದಕ್ಕೂ ಅಜಗಜಾಂತರ.

ಒಂದು ಎಚ್ಚರಿಕೆ. ಗೂಡು, ಮೊಟ್ಟೆ, ಮರಿ, ತೋಳದ ಗುಂಡಿ ಇವುಗಳ ಲೊಕೇಶನ್ ಗ್ರೂಪಿಗೆ ಹಾಕಲೇಬೇಡಿ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗೆ ಕ್ಯಾಮೆರಾ ಹಿಡಿದ ಹತ್ತು ಜನ ಸುತ್ತ ನಿಂತರೆ ಸಾಕು, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ನಕ್ಷತ್ರ ಆಮೆಯನ್ನು ಕದ್ದು ಮಾರುವ ಜಾಲ ದೇಶದ ಗಡಿಯಾಚೆಗೂ ಇದೆ. ಅದು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಮನೆಗೆ ತಂದು ಸಾಕುವುದೂ ಅಪರಾಧ. ಗ್ರೂಪಿಗೆ ಚಿತ್ರ ಹಾಕಿ, ತಾಲ್ಲೂಕಿನ ಹೆಸರು ಹಾಕಿ, ಅಷ್ಟು ಸಾಕು.

ಈ ಮುಂಗಾರಿನೊಳಗೆ ಮಾಡಬೇಕಾದ್ದು ಇಷ್ಟೇ. ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ತಾರೀಖು, ಮಳೆ ಹೆಸರು, ಏನು ಕಂಡಿತು, ಎಷ್ಟು, ಯಾವ ಕಾವಲು, ನೋಡಿದವರು ಯಾರು ಎಂದು ಬರೆಯಿರಿ. ಪ್ರಾಣಿಯ ಹೆಸರು ನಿಮ್ಮೂರಲ್ಲಿ ಹೇಗೋ ಹಾಗೇ ಇರಲಿ. ಫೋನಿಲ್ಲದ ಕುರಿಗಾಹಿ ಅಜ್ಜನನ್ನು ಕೇಳಿ ಬರೆಯಿರಿ, ನಮ್ಮೆಲ್ಲರಿಗಿಂತ ಹೆಚ್ಚು ಕಂಡವರು ಅವರು. ಮುಂದಿನ ಗ್ರಾಮಸಭೆಗೆ ಆ ಪುಸ್ತಕ ಹಿಡಿದು ಹೋಗಿ, "ನಮ್ಮೂರ ಜೀವವೈವಿಧ್ಯ ದಾಖಲಾತಿ ತೋರಿಸಿ, ಇದನ್ನು ಅದಕ್ಕೆ ಸೇರಿಸಿ" ಎಂದು ಪಿಡಿಒ ಅವರನ್ನು ಕೇಳಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಎದ್ದು ಬರಬೇಡಿ.