ಮಂಗಳವಾರವೇ ಯಾಕೆ?

ರಾಯಚೂರಿನಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಾನ್ವಿ, ದೇವದುರ್ಗ ಕಡೆಯ ನೂರಾರು ಹುಡುಗರಲ್ಲಿ ನಾನೂ ಒಬ್ಬ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ನಡುವೆ ಊರಿಗೆ ಹೋದಾಗಲೆಲ್ಲ ‘ಏನಪಾ, ನೌಕ್ರಿ ಆತೇನು?’ ಎಂದು ಕೇಳಿಸಿಕೊಂಡವರಿಗೇ ಗೊತ್ತು ಅದರ ಭಾರ. ಎಷ್ಟೋ ಗೆಳೆಯರು ನಿದ್ದೆ ಬಾರದೆ ಬೆಳಗು ಮಾಡುತ್ತಾರೆ. ಕೇಳಿದರೆ ‘ತಲೆನೋವು’ ಎನ್ನುತ್ತಾರೆ, ಅಷ್ಟೇ.

ಸೇವೆಗಳೇ ಇಲ್ಲ ಎಂದರೆ ತಪ್ಪಾದೀತು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರು ಸಿಗಲಿ ಎಂದು ಮನೋಚೈತನ್ಯ ಯೋಜನೆ ಬಂತು. ಆದರೆ ಮಂಗಳವಾರ ಎಂದು ಯಾರನ್ನು ಕೇಳಿ ನಿಗದಿ ಮಾಡಿದರು? ಅಂದು ಕಾಲೇಜಿರುತ್ತದೆ, ಕೂಲಿಗೆ ಹೋಗುವವರಿಗೆ ಕೂಲಿ. ಸಣ್ಣ ಊರಿನ ಆಸ್ಪತ್ರೆ ಸಾಲಿನಲ್ಲಿ ನಿಂತರೆ ಹಿಂದೆ ನಿಂತವರು ಯಾವುದೋ ಸಂಬಂಧದಲ್ಲಿ ಕಾಕಾನೇ ಆಗಿರುತ್ತಾರೆ. ‘ತಲಿ ಕೆಟ್ಟೈತಂತ’ ಎಂಬ ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟುತ್ತದೆ. ಹುಡುಗಿಯಾದರಂತೂ ಮದುವೆ ಮಾತುಕತೆಗೇ ಅಡ್ಡಿ. ‘ಶಕ್ತಿ’ ಬಸ್ಸಿನಲ್ಲಿ ಖರ್ಚಿಲ್ಲದೆ ರಾಯಚೂರಿಗೆ ಬರಬಹುದು, ನಿಜ. ಮನೆಯಲ್ಲಿ ಏನು ಹೇಳಿ ಹೊರಡುವುದು?

ಇದನ್ನು ಅರಿತಂತಿರುವುದು ಯುವ ಸ್ಪಂದನ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜತೆ ರೂಪಿಸಿದ ಈ ಯೋಜನೆಯಲ್ಲಿ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ‘ಯುವ ಪರಿವರ್ತಕ’ರನ್ನಾಗಿ ಮಾಡಿದರು. ಕೇಂದ್ರಗಳನ್ನು ಆಸ್ಪತ್ರೆ ಬಿಟ್ಟು ಜಿಲ್ಲಾ ಕ್ರೀಡಾಂಗಣಗಳಲ್ಲಿ ತೆರೆದರು. ಕ್ರೀಡಾಂಗಣಕ್ಕೆ ಹೋದವರನ್ನು ‘ಯಾಕೆ ಹೋಗಿದ್ದೆ’ ಎಂದು ಯಾರೂ ಕೇಳುವುದಿಲ್ಲ, ಜಾಣತನವೆಂದರೆ ಇದು. ಆದರೂ ಅದು ಜಿಲ್ಲಾ ಕೇಂದ್ರದ ಮಾತಾಯಿತು. ಮೇಲಾಗಿ, ಸೇವೆ ಕೊಡುವುದಕ್ಕೆ ಯುವಜನ ಬೇಕಾದರೆ ಅದು ಹೇಗಿರಬೇಕೆಂದು ತೀರ್ಮಾನಿಸುವ ಸಭೆಗೂ ಬೇಕಲ್ಲವೇ? ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭವಾದ ಹೆಡ್‌ಸ್ಪೇಸ್ ಕೇಂದ್ರಗಳು 12ರಿಂದ 25 ವರ್ಷದವರಿಗಾಗಿಯೇ ಇವೆ. ಅಲ್ಲಿ ಸ್ಥಳೀಯ ಯುವಜನರ ಸಲಹಾ ಗುಂಪುಗಳಿವೆ.

ಮಾನ್ವಿ, ದೇವದುರ್ಗದಲ್ಲಿ ಆರೋಗ್ಯ ಇಲಾಖೆ ಅಂಥದೊಂದು ಸಮಿತಿ ಮಾಡಲಿ. ಭಾಷಣ ಬಲ್ಲ ಕಾಲೇಜು ಮುಖಂಡರೇ ತುಂಬಿಕೊಂಡರೆ ಪ್ರಯೋಜನವಿಲ್ಲ, ಅವರಿಗೆ ವೇದಿಕೆಗಳು ಬೇಕಾದಷ್ಟಿವೆ. ಹಾಸ್ಟೆಲ್ ಹುಡುಗಿ, ಪಿಯುಸಿ ಫೇಲಾಗಿ ಮನೆಯಲ್ಲಿರುವವನು, ಬೆಂಗಳೂರಿಗೆ ಗುಳೆ ಹೋಗಿ ಬಂದವನು ಅಲ್ಲಿರಲಿ. ಸಭೆಗೆ ಬಂದ ದಿನದ ಕೂಲಿಯನ್ನೂ ಕೊಡಲಿ, ಇಲ್ಲದಿದ್ದರೆ ಗುಳೆಯವನು ಎರಡನೇ ಸಭೆಗೆ ಬರುವುದಿಲ್ಲ. ನನ್ನನ್ನು ಕೇಳಿದರೆ ಮೊದಲ ಸಭೆಯಲ್ಲಿ ಚರ್ಚೆಯಾಗಬೇಕಾದದ್ದು ಒಂದೇ: ಮಂಗಳವಾರದ ಬದಲು ಭಾನುವಾರ, ಆಸ್ಪತ್ರೆಯ ಬದಲು ಗ್ರಂಥಾಲಯದ ಒಂದು ಕೋಣೆ ಆಗಬಹುದೇ?