ವಜಾಗೊಂಡ ನೌಕರನಿಗೆ ನ್ಯಾಯ ಎಷ್ಟು ದೂರ?

ಕಲಬುರಗಿ ಜಿಲ್ಲೆಯ ತೆಂಗಳಿಯಂಥ ಊರುಗಳಲ್ಲಿ ಒಬ್ಬ ಸರ್ಕಾರಿ ನೌಕರನ ಸಂಬಳವೆಂದರೆ ಇಡೀ ಕುಟುಂಬದ ಆಧಾರ. ತೊಗರಿ ಕೈಕೊಟ್ಟ ವರ್ಷವೂ ಮಕ್ಕಳ ಓದು ನಿಲ್ಲದಿರುವುದು ಅದರಿಂದಲೇ. ಆದ್ದರಿಂದ ವಜಾ ಆದೇಶ ಒಬ್ಬನಿಗೆ ಮಾತ್ರ ವಿಧಿಸಿದ ಶಿಕ್ಷೆಯಲ್ಲ. ಅನ್ಯಾಯವಾದರೆ ನ್ಯಾಯಾಲಯವಿದೆಯಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ಸಮಾಧಾನ ಎಷ್ಟು ಗಟ್ಟಿಯಾದದ್ದು?

ಆರೋಪವನ್ನು ತಿಳಿಸಿ, ಉತ್ತರಿಸಲು ಸಮಂಜಸ ಅವಕಾಶ ಕೊಡದೆ ಸರ್ಕಾರಿ ನೌಕರನನ್ನು ವಜಾ ಮಾಡುವಂತಿಲ್ಲ ಎನ್ನುತ್ತದೆ ಸಂವಿಧಾನದ 311ನೇ ವಿಧಿ. ಇದಕ್ಕೆ ಕೆಲವು ಅಪವಾದಗಳುಂಟು. ಸಾರ್ವಜನಿಕ ಉದ್ಯಮಗಳ ನೌಕರರಿಗೆ ಈ ವಿಧಿಯ ರಕ್ಷಣೆ ಇಲ್ಲದಿದ್ದರೂ ಸಹಜ ನ್ಯಾಯದ ತತ್ವ ಅವರಿಗೂ ಅನ್ವಯಿಸುತ್ತದೆ. ಆದರೆ ನ್ಯಾಯಾಂಗ ಪರಾಮರ್ಶೆ ಮೇಲ್ಮನವಿಯಲ್ಲ. ನ್ಯಾಯಾಲಯ ನೋಡುವುದು ನಿರ್ಧಾರವನ್ನಲ್ಲ, ಅದನ್ನು ಕೈಗೊಂಡ ರೀತಿಯನ್ನು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಚತುರ್ವೇದಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ನೌಕರನ ಭವಿಷ್ಯ ಬಹುಪಾಲು ತೀರ್ಮಾನವಾಗುವುದು ಇಲಾಖಾ ವಿಚಾರಣೆಯ ಕೊಠಡಿಯಲ್ಲಿಯೇ.

ಆ ಕೊಠಡಿಗೆ ಹೋಗಲು ಬಸ್ಸಿನ ಖರ್ಚಿಗೂ ಹಣವಿಲ್ಲದಿದ್ದರೆ? ಕೋಲಾರ ಚಿನ್ನದ ಗಣಿಯ ಭಾರತ್ ಗೋಲ್ಡ್ ಮೈನ್ಸ್ ಪ್ರಕರಣ ಎತ್ತಿದ ಪ್ರಶ್ನೆ ಇದೇ. ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ ಚಿನ್ನದ ಉಂಡೆ, ಚಿನ್ನಮಿಶ್ರಿತ ಮರಳು ಸಿಕ್ಕಿತೆಂಬ ಆರೋಪದ ಮೇಲೆ 1985ರಲ್ಲಿ ಅವರನ್ನು ಅಮಾನತಿನಲ್ಲಿಡಲಾಯಿತು. ಜೀವನಾಧಾರ ಭತ್ಯೆಯನ್ನೂ ಕೊಡಲಿಲ್ಲ. ಕೇರಳದ ತಮ್ಮ ಊರಿನಿಂದ ಗಣಿಗೆ ಬರಲು ಹಣವಿಲ್ಲದೆ ಅವರು ಗೈರುಹಾಜರಾದರು. ವಿಚಾರಣೆ ಏಕಪಕ್ಷೀಯವಾಗಿ ನಡೆದು 1986ರಲ್ಲಿ ವಜಾ ಆದೇಶ ಹೊರಬಿತ್ತು. ಅದೇ ಆರೋಪದಲ್ಲಿ ಕ್ರಿಮಿನಲ್ ನ್ಯಾಯಾಲಯ 1987ರಲ್ಲಿ ಅವರನ್ನು ಖುಲಾಸೆಗೊಳಿಸಿದರೂ ನೌಕರಿ ಮರಳಲಿಲ್ಲ. 1999ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ವಜಾ ಅಸಿಂಧುವೆಂದು ಹೇಳಿ, ಭತ್ಯೆ ಕೊಡದೆ ವಿಚಾರಣೆ ನಡೆಸುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2001ರಲ್ಲಿ, ಗಣಿಯೇ ಮುಚ್ಚಿತು.

ಈ ತೀರ್ಪು ತತ್ವದ ಗೆಲುವು, ನಿಜ. ಆದರೆ ಅದಕ್ಕೆ ತೆತ್ತ ಬೆಲೆ ಹದಿಮೂರು ವರ್ಷ. ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರೆ ದೋಷ ಎದ್ದು ಕಾಣುತ್ತದೆ: ತಪ್ಪು ಆದೇಶದ ನಷ್ಟವನ್ನು ಮೊದಲು ಹೊರುವುದು ನೌಕರನ ಮನೆ, ಆನಂತರ ಹಿಂಬಾಕಿ ವೇತನದ ರೂಪದಲ್ಲಿ ಖಜಾನೆ. ಆದೇಶಕ್ಕೆ ಸಹಿ ಹಾಕಿದವರಿಗೆ ಯಾವ ನಷ್ಟವೂ ಇಲ್ಲ. ಹಾಗಿರುವಾಗ ಎಚ್ಚರ ವಹಿಸುವ ಒತ್ತಡ ಎಲ್ಲಿಂದ ಬರಬೇಕು?

ಕಲಬುರಗಿಯಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಅದು ಕಾಯಂ ಆಯಿತು. ತೆಂಗಳಿಯವರು ರಿಟ್ ಅರ್ಜಿಗಾಗಿ ಬೆಂಗಳೂರಿಗೆ ಅಲೆಯುವುದು ತಪ್ಪಿತು. ಮೈಲಿಗಳ ದೂರ ತಗ್ಗಿತು. ವರ್ಷಗಳ ದೂರ ಹಾಗೆಯೇ ಉಳಿದಿದೆ. ವಿಚಾರಣೆಯ ನೆರಳೂ ಇಲ್ಲದೆ ಒಂದು ಮಾತಿನಲ್ಲಿ ಮನೆಗೆ ಕಳುಹಿಸಲ್ಪಡುವ ದಿನಗೂಲಿಯವರ ಸ್ಥಿತಿ ಇನ್ನೂ ಕಠಿಣ. ಕೇಂದ್ರ ಜಲ ಆಯೋಗದಲ್ಲಿ ದೀರ್ಘಕಾಲ ಕಸ ಗುಡಿಸಿ, ತೋಟ ನೋಡಿಕೊಂಡು ದುಡಿದು, 2018ರಲ್ಲಿ ಕೆಲಸ ಕಳೆದುಕೊಂಡವರಿಗೆ ಸುಪ್ರೀಂ ಕೋರ್ಟಿನಿಂದ ನ್ಯಾಯ ದೊರೆತದ್ದು 2024ರ ಡಿಸೆಂಬರಿನಲ್ಲಿ.

ಭ್ರಷ್ಟರನ್ನು ರಕ್ಷಿಸಬೇಕೆಂಬುದು ಇಲ್ಲಿನ ವಾದವಲ್ಲ. ಅವಸರದ, ದೋಷಪೂರಿತ ವಿಚಾರಣೆಯಿಂದ ಲಾಭವಾಗುವುದು ತಪ್ಪಿತಸ್ಥರಿಗೇ. ಅದೇ ದೋಷವನ್ನು ತೋರಿಸಿ ಅವರು ನ್ಯಾಯಾಲಯದಲ್ಲಿ ಪಾರಾಗುತ್ತಾರೆ. ಭತ್ಯೆ ಪಾವತಿಯಾದ ದಾಖಲೆಯಿಲ್ಲದೆ ವಿಚಾರಣೆ ಆರಂಭಿಸಬಾರದು. ವಿಚಾರಣಾಧಿಕಾರಿ ಬೇರೆ ಇಲಾಖೆಯವರಾಗಿರಬೇಕು. ದುರುದ್ದೇಶದ ಆದೇಶ ರದ್ದಾದರೆ ಹಿಂಬಾಕಿಯ ಒಂದು ಪಾಲು ಸಹಿ ಹಾಕಿದವರಿಂದ ವಸೂಲಾಗಬೇಕು. ಇವಿಷ್ಟು ಜಾರಿಗೆ ಬಂದರೆ, ಕೋರ್ಟಿನ ಮೆಟ್ಟಿಲು ಹತ್ತಬೇಕಾದವರ ಸಂಖ್ಯೆಯೇ ಕಡಿಮೆಯಾದೀತು.